ಒಂದು ಜೋಡಿ

ನದಾಫ ಮೇಡಂ ಅವರದು ಹತ್ತಿ ಹಿಂಜೋ ಮನಿತನ.
ಅಜ್ಜ ಬೆಟಗೇರ್ಯಾಗ ಬಿಲ್ಲು ಮೀಟಿ ಗಾದಿ ತುಂಬತಿದ್ದನಂತ,
ಅದೂ ಒಂದು ತಂತಿವಾದ್ಯನ.
ಮೊಮ್ಮಗಳು ಹುಬ್ಬಳ್ಳಿ ವಿದ್ಯಾನಗರದ ಎರಡನೇ ಮಾಳಿಗಿಮ್ಯಾಲ
ನನ್ನ ಕಿವಿಗೆ ಬ್ಯಾಟರಿ ಬಿಟ್ಟು
ಚಿಮಟಿಗೀಲೆ ಒಂದು ಹಳೇ ಅರಳಿ ಎಳದು ತಗದು
ಅಂದ್ರು: "ಹತ್ತಿ ನಂಬಬ್ಯಾಡ್ರಿ.
ಹತ್ತಿ ಗಾಳಿ ತಡೀತದ, ಝಾಂಜು ತಡಿಯೂದಿಲ್ಲ."

ಗಾಜಿನ ಖೋಲಿ. ಒಳಗ ನಾನು, ಸ್ಟೂಲು, ಹೆಡ್‌ಫೋನು.
ಕುಂಯ್ ಅಂದ್ರ ಗುಂಡಿ ಒತ್ತಬೇಕು.
ಒತ್ತಿದೆ. ಒತ್ತಿದೆ. ಆಮ್ಯಾಲ
ಎಷ್ಟೊತ್ತು ಕುಂತ್ರೂ ಏನೂ ಬರಲಿಲ್ಲ.
ಕರೆಂಟ್ ಹೋತೇನೋ ಅಂತ ಹೊರಗ ನೋಡಿದೆ,
ಮೇಡಂ ತಿರುವುತಾನ ಇದ್ರು.

ಹಾಳ್ಯಾಗ ಗೆರಿ. ಬಲದ್ದು ಕೆಂಪು, ಎಡದ್ದು ನೀಲಿ.
ನೀಲಿ ಗೆರಿ ಸೀದಾ ನಡಕೋತ ಬಂದು
ನಾಕು ಸಾವಿರದ ಹತ್ರ ಬಾವ್ಯಾಗ ಬಿದ್ದಿತ್ತು,
ಬಿದ್ದು ಮತ್ತೊಂದೀಟು ಮ್ಯಾಲ ಹತ್ತಿತ್ತು.
"ಎಡಕ್ಕ ಯಾರು ನಿಂದರ್ತಾರ?"
"ತಮ್ಮರೀ. ಯಮನೂರ. ಝಾಂಜು ಹಿಡಿತಾನ.
ಇಪ್ಪತ್ತೆರಡು ವರ್ಷಾತು."
ಮಾಸ್ತರ ಮುಂದ ಚಾಡಿ ಹೇಳಿದಂಗಿತ್ತು ನನ್ನ ದನಿ.

ಆಮ್ಯಾಲ ಟೇಬಲ್ ಮ್ಯಾಲ ಹರವಿದ್ರು, ಬಳಿಗಾರ ಹರವಿದಂಗ.
ಹಳದಿ ಸ್ಪಂಜು. ಹತ್ತು ರೂಪಾಯಿಗೆ ಜೋಡಿ.
ಹೊಸದು ತುರುಕಿಕೊಂಡು ಸನಾದಿ ಊದಿದೆ,
ಲೋಕ ಕಂಬಳಿ ಹೊತ್ತು ಮಲಗಿತು.
ನನ್ನ ಊದು ಮಾತ್ರ ತಲಿಬುರುಡ್ಯಾಗ
ಕೊಡದಾಗ ಸಿಕ್ಕ ಗುಂಗಿಹುಳ.
ನೀ ಎಲ್ಲೈತಿ, ಸಾ ಎಲ್ಲೈತಿ, ತಿಳೀಲಿಲ್ಲ.
ಹಲ್ಲಷ್ಟ ನಡಗಿದ್ವು.

ಇನ್ನೊಂದು, ಕಿವ್ಯಾಗ ಗುಲಾಬಿ ಹಿಟ್ಟು ತುಂಬಿ ಅಚ್ಚು ತಗದು
ನನಗಷ್ಟ ಕೂಡೂವಂಗ ಮಾಡೂದು,
ಒಳಗ ಕೂದಲೆಳಿ ಜರಡಿ. ಹದಿನಾಕು ಸಾವಿರ.
ಎರಡು ಲಗ್ನ, ಮ್ಯಾಲೊಂದು ಜವಳದ ರೊಕ್ಕ.
ಬ್ಯಾರೇದವರ ಬಂಗಾರ ನೋಡಿದಂಗ ನೋಡಿ ಇಟ್ಟೆ.

ಕಡೀದು, ಮೂರು ಸಣ್ಣ ಛತ್ರಿ ಒಂದರ ಮ್ಯಾಲೊಂದು, ರಬ್ಬರಿನವು,
ನಟ್ಟನಡುವ ತೂತು. ಎರಡು ಸಾವಿರದ ಇನ್ನೂರು.
ಇದರಾಗ ಸಾ ಸಾ ಆಗೇ ಉಳೀತು,
ಒಂದೀಟು ದೂರ ಹೋತು ಅಷ್ಟ,
ಹಿಂದಿನ ಓಣ್ಯಾಗ ನಾನ ನಿಂತು ಊದಿದಂಗ.
"ಎಡಕ್ಕೊಂದು ಕೊಡ್ರಿ ಸಾಕು."
ಮೇಡಂ ನಕ್ಕರು. "ಒಂಟಿ ಚಪ್ಪಲಿ ಯಾರು ಮಾರ್ತಾರ?"

ಗದಗಿನ ಬಸ್ಸಿನ್ಯಾಗ ಡಬ್ಬಿ ಅಂಗಿ ಕಿಸೆದಾಗ.
ಅಣ್ಣಿಗೇರಿ ತನಕಾ ಮಾತು ಜೋಡಿಸಿಕೊಂಡೆ.
ಮನೀಗೆ ಬಂದವನ ಯಮನೂರನ ಮುಂದ ಇಟ್ಟೆ:
"ನೋಡು. ನಿನ್ನ ಝಾಂಜು ಮಾಡಿದ್ದು."
ಅಂವ ಬಲಗಿವಿಗೆ ಕೈ ಹಚ್ಚಿ "ಏನು?" ಅಂದ.
ಇನ್ನೊಮ್ಮೆ ಹೇಳಿದೆ.
ಅಂವ ತಲಿ ಹೊಳ್ಳಿಸಿ ಎಡಗಿವಿ ಮುಂದ ಮಾಡಿದ.

ಮೂರನೇ ಸಲ ಹೇಳಾಕ ಬಾಯಿ ತಗದಾಂವ
ಹಂಗ ನಿಂತೆ.
ಅಂವ ನನ್ನ ಎಡಕ್ಕಂದ ಮ್ಯಾಲ
ಅವನ ಬಲಕ್ಕ ಇಪ್ಪತ್ತೆರಡು ವರ್ಷ
ನಿಂತಾಂವ ಯಾರು?
ಒಲಿಮ್ಯಾಲ ಚಾ ಉಕ್ಕಿ ಹೋತು, ಇಬ್ಬರಿಗೂ ಗೊತ್ತಾಗಲಿಲ್ಲ.

ಮುಂಡರಗಿ ಲಗ್ನದಾಗ ಜೋಡಿ ಮುರದ್ವಿ.
ನನ್ನ ಎಡಕ್ಕೊಂದು, ಅವನ ಬಲಕ್ಕೊಂದು.
ಮೇಡಂ ಒಪ್ಪತಿರಲಿಲ್ಲ ಬಿಡ್ರಿ,
ಝಾಂಜು ಹಿಡದಾವಗ ಎರಡೂ ಬೇಕು ಅಂತಿದ್ರು.
ಮುಂದಿನ ಲಗ್ನದ ರೊಕ್ಕ ಬಂದ್ರ ತರೂದು.
ಅಕ್ಕಿಕಾಳು ಬೀಳೂ ಹೊತ್ತಿಗೆ
ಡಿಜೆ ಹುಡುಗರು ಎದಿ ನಡಗೂವಂಗ ಹಚ್ಚಿದ್ರು,
ನಾವೂ ಬಿಡಲಿಲ್ಲ.
ನಮ್ಮಿಬ್ಬರ ನಡುವ ಮೊಳದಷ್ಟು ಜಾಗಾ
ತೊಳದಿಟ್ಟ ಪಡಸಾಲಿ ಆತು.

ಅಲ್ಲಿ ಒಂದು ಹೊಸ ದನಿ.
ಬಾಯಾಗ, ತುಟಿ ಹಿಂದ, ಸಾಲೀ ಹುಡುಗನಂಗ
ಯಮನೂರ ಎಣಿಸತಿದ್ದ:
ಐದು, ಆರು, ಏಳು...
ಏಳಕ್ಕ ಬಂದು ಒಮ್ಮೆ ಉಸಿರು ತಗೋತಾನ, ಪ್ರತಿ ಸಲ.
ನಾನು ಎಂಟರ ಮ್ಯಾಲ ಬರೂತನಕಾ
ಕಾಯತಾನ.

ಉಂಡು ಕೈತೊಳಕೊಳ್ಳೋ ಮುಂದ ತಗದು ಡಬ್ಬ್ಯಾಗ ಹಾಕಿದ್ವಿ.
ಯಾವುದು ನಂದು, ಯಾವುದು ಅವಂದು, ಗುರುತು ಹತ್ತಲಿಲ್ಲ.
ಅಂವ ಬಾಸಿಂಗದ ದಾರದ ತುಂಡೊಂದು ಹುಡುಕಿ
ಒಂದಕ್ಕ ಕಟ್ಟಿದ.